ಎರಡನೆಯ ಕೆಲಸ ಎಲ್ಲಿದೆ?

ನಮ್ಮ ಮನೆಮಾತು ತುಳು. ಹೊಸ್ತಿಲು ದಾಟುವಾಗ ಬರೀ 'ಪೋಪೆ' ಎನ್ನುವ ಹಾಗಿಲ್ಲ, 'ಪೋದು ಬರ್ಪೆ' ಎನ್ನಬೇಕು. ಕನ್ನಡದಲ್ಲೂ ಅಷ್ಟೇ ಅಲ್ವಾ? 'ಹೋಗ್ತೇನೆ' ಅಂದರೆ ಅಮ್ಮ ಅಲ್ಲೇ ನಿಲ್ಲಿಸುತ್ತಾರೆ. 'ಹೋಗಿ ಬರ್ತೇನೆ' ಎಂದು ಹೇಳಿಸಿಯೇ ಕಳಿಸುತ್ತಾರೆ. ದಿನಾ ಮಂಗಳೂರಿಗೆ ಡ್ಯೂಟಿಗೆ ಹೊರಡುವಾಗಲೂ ಇದೇ ಕ್ರಮ. ಕಳೆದ ವರ್ಷ ಒಂದು ರಾತ್ರಿ ಊಟಕ್ಕೆ ಕೂತಾಗ ನಾನು ಜರ್ಮನಿಯ ವಿಷಯ ತೆಗೆದೆ. ಅಮ್ಮ ಗಂಜಿ ಬಡಿಸುತ್ತಾ ಒಂದೇ ಒಂದು ಪ್ರಶ್ನೆ ಕೇಳಿದರು. "ಇದು ಹೋಗಿ ಬರುವುದಾ, ಅಲ್ಲ ಹೋಗುವುದಾ?"

ಆ ರಾತ್ರಿ ನನ್ನ ಬಾಯಿಂದ ಉತ್ತರ ಬರಲಿಲ್ಲ. ಆದರೆ ನಾನೂ ನನ್ನ ಗಂಡನೂ ಎರಡು ವರ್ಷ ತಲೆ ಕೆಡಿಸಿಕೊಂಡಿದ್ದೆಲ್ಲ ಆ ಒಂದು ಪ್ರಶ್ನೆಯೊಳಗೆ ಇತ್ತು.

ನಾನು ಸ್ಟಾಫ್ ನರ್ಸ್. ವಯಸ್ಸು 34. ಮನೆ ಉಡುಪಿ ಮತ್ತು ಮಂಗಳೂರಿನ ನಡುವಿನ ಪಡುಬಿದ್ರಿಯಲ್ಲಿ, ಅಪ್ಪ ಅಮ್ಮನ ಜೊತೆಗೇ ಇದ್ದೇನೆ. ಗಂಡ ಶಾರ್ಜಾದಲ್ಲಿ ಎಸಿ ಟೆಕ್ನಿಷಿಯನ್. ಮಗನಿಗೆ ಆರು ವರ್ಷ. ನೈಟ್ ಡ್ಯೂಟಿಯಲ್ಲಿ ಸ್ವಲ್ಪ ಬಿಡುವಾದರೆ ಸಾಕು, ಹೊಸದಾಗಿ ಸೇರಿದ ಹುಡುಗಿಯರು ಹತ್ತಿರ ಬಂದು ಕೇಳುತ್ತಾರೆ, "ಅಕ್ಕಾ, ಯಾವ ದೇಶ ಒಳ್ಳೆಯದು?" ಅದು ಕೊನೆಗೆ ಕೇಳಬೇಕಾದ ಪ್ರಶ್ನೆ ಎಂದು ನನಗೆ ಈಗ ಅನಿಸುತ್ತದೆ. ಯಾಕೆ ಎಂದು ಅವರಿಗಾಗಿಯೇ ಬರೆಯುತ್ತಿದ್ದೇನೆ.

ಮೊದಲು ಅಪ್ಪನ ಕತೆ ಹೇಳಬೇಕು. ಅಪ್ಪ 1984ರಲ್ಲಿ ಕುವೈತ್‌ಗೆ ಹೋದದ್ದು. ಅಲ್ಲಿ ಒಂದು ಬೇಕರಿಯಲ್ಲಿ ಕೆಲಸ. ಅದಕ್ಕಿಂತ ಹಿಂದಿನ ತಲೆಮಾರಿನವರು ಹೋಟೆಲ್ ಕೆಲಸಕ್ಕೆ ಬೊಂಬಾಯಿಗೆ ಹೋಗುತ್ತಿದ್ದರು. ಇವರ ಕಾಲಕ್ಕೆ ಅದು ಗಲ್ಫ್ ಆಯಿತು. 1990ರ ಆಗಸ್ಟ್ 2ರ ಬೆಳಿಗ್ಗೆ ಇರಾಕ್ ಸೈನ್ಯ ಕುವೈತ್‌ಗೆ ನುಗ್ಗಿತು. ಅಪ್ಪನ ಪಾಸ್‌ಪೋರ್ಟ್ ಮಾಲೀಕರ ಕಪಾಟಿನಲ್ಲಿತ್ತು, ಮಾಲೀಕರು ಊರಲ್ಲೇ ಇರಲಿಲ್ಲ. ಉಳಿಸಿದ ದೀನಾರಿಗೆ ಬೆಲೆ ಉಳಿಯಲಿಲ್ಲ. ಬಾಗ್ದಾದ್ ದಾರಿಯಾಗಿ ಬಸ್ಸಿನಲ್ಲಿ ಜೋರ್ಡಾನ್ ಗಡಿ, ಗಡಿಯ ಮರಳಿನಲ್ಲಿ ಡೇರೆ, ಆಮೇಲೆ ಅಮ್ಮಾನ್, ರಾಯಭಾರ ಕಚೇರಿಯವರು ಕೊಟ್ಟ ಒಂದು ಹಾಳೆ ಹಿಡಿದುಕೊಂಡು ಅಲ್ಲಿಂದ ವಿಮಾನದಲ್ಲಿ ಬೊಂಬಾಯಿ. ಆಗ ಏರ್ ಇಂಡಿಯಾ ಒಂದು ಲಕ್ಷದ 70 ಸಾವಿರಕ್ಕೂ ಜಾಸ್ತಿ ಜನರನ್ನು ಹಾಗೆ ಕರೆತಂದಿತು. ಕೊಂಕಣ ರೈಲು ಇನ್ನೂ ಇರಲಿಲ್ಲ. ಬೊಂಬಾಯಿಯಿಂದ ಬಸ್ಸಿನಲ್ಲಿ ಬಂದು ಪಡುಬಿದ್ರಿಯಲ್ಲಿ ಇಳಿದಾಗ ಅಪ್ಪನ ಕೈಯಲ್ಲಿ ಒಂದು ಬ್ಯಾಗ್. ಅದರಲ್ಲಿ ಎರಡು ಅಂಗಿ.

ಮರುವರ್ಷ ನಾನು ಹುಟ್ಟಿದೆ. 1993ರಲ್ಲಿ ಅಪ್ಪ ಪುನಃ ಹೊರಟರು, ಈ ಸಲ ಮಸ್ಕತ್‌ಗೆ. 2011ರವರೆಗೆ ಅಲ್ಲೇ ಇದ್ದರು. ಎರಡು ವರ್ಷಕ್ಕೊಮ್ಮೆ 45 ದಿನ ರಜೆ. ನನಗೆ ಸರಿಯಾಗಿ ನೆನಪಿರುವುದು ಅವರು ಪೂರ್ತಿಯಾಗಿ ಊರಿಗೆ ಬಂದ ಮೇಲಿನ ಒಂದು ಬೆಳಿಗ್ಗೆ. ಅಮ್ಮನಿಗೆ ಜ್ವರ ಇತ್ತು. ಗಂಜಿ ಮಾಡಲು ಒಳಗೆ ಹೋದ ಅಪ್ಪ ಅಡುಗೆಮನೆಯ ನಡುವೆ ಸುಮ್ನೆ ನಿಂತಿದ್ದರು. ಉಪ್ಪಿನ ಭರಣಿ ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ತಾನೇ ದುಡಿದು ಕಟ್ಟಿಸಿದ ಮನೆ ಅದು. ನಾನು ಬಂದು ಒಲೆಯ ಎಡಕ್ಕಿದ್ದ ಗೂಡು ತೋರಿಸಿದೆ. ಅವರು ಏನೂ ಹೇಳಲಿಲ್ಲ.

ಅಪ್ಪ ತಪ್ಪು ಮಾಡಿದರು ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ. ಮನೆ ಆಯಿತು, ಅಕ್ಕನ ಮದುವೆ ಆಯಿತು, ನನ್ನ ನರ್ಸಿಂಗ್ ಓದು ಆಯಿತು. ಅವರು ಹೋದದ್ದೇ ಹೋಗಿ ಬರುವುದಕ್ಕೆ. ಗಲ್ಫ್ ದೇಶಗಳಲ್ಲಿ ಎಷ್ಟು ವರ್ಷ ದುಡಿದರೂ ನಮ್ಮಂಥ ಕೆಲಸದವರಿಗೆ ಪೌರತ್ವ ಸಿಗುವುದಿಲ್ಲ. ಕೆಲಸ ಇರುವಷ್ಟು ದಿನ ವೀಸಾ. ಅಪ್ಪನಿಗೆ ಅದು ಮೊದಲ ದಿನದಿಂದಲೂ ಗೊತ್ತಿತ್ತು. ಹಾಗಾಗಿ ಪ್ರತಿ ರಿಯಾಲೂ ಪಡುಬಿದ್ರಿಗೇ ಬಂತು. ಕಷ್ಟ ಆಗುವುದು ಈ ಎರಡನ್ನೂ ಕಲಸಿಕೊಂಡಾಗ. ಹೋಗಿ ಬರಲು ಹೊರಟವರು ಅಲ್ಲಿ ನೆಲೆಯೂರಿದ ಹಾಗೆ ಖರ್ಚು ಮಾಡಿ ಬದುಕುವುದು, ಇಲ್ಲ ನೆಲೆಯೂರಲು ಹೊರಟವರು ನಾಳೆಯೇ ವಾಪಸ್ ಬರುವವರ ಹಾಗೆ ಭಾಷೆ ಕಲಿಯದೆ, ಅಕ್ಕಪಕ್ಕದವರ ಗುರುತು ಮಾಡಿಕೊಳ್ಳದೆ ವರ್ಷಗಟ್ಟಲೆ ಪೆಟ್ಟಿಗೆಯ ಪಕ್ಕ ಕೂರುವುದು. ಎರಡನ್ನೂ ನಮ್ಮ ನೆಂಟರಲ್ಲೇ ನೋಡಿದ್ದೇನೆ.

ನನ್ನ ಗಂಡ 2014ರಿಂದ ಶಾರ್ಜಾದಲ್ಲಿದ್ದಾರೆ. 2020ರಲ್ಲಿ ಕೊರೊನಾ ಬಂದಾಗ ಅವರಿದ್ದ ಕಂಪನಿಯವರು ಅರ್ಧಕ್ಕರ್ಧ ಜನರನ್ನು ಬಿಡಿಸಿದರು. ಮಗುವಿಗೆ ಆಗ ವರ್ಷ ತುಂಬಿತ್ತಷ್ಟೇ. ಕೆಲಸ ಹೋದ ವಾರವೇ ಕಂಪನಿ ಕೊಟ್ಟ ರೂಮೂ ಹೋಯಿತು, ವೀಸಾ ರದ್ದು ಮಾಡುವ ಕಾಗದವೂ ಕೈಗೆ ಬಂತು. ಊರಿಗೆ ಕರೆತರಲು ಸರ್ಕಾರ ಬಿಟ್ಟ ವಂದೇ ಭಾರತ್ ವಿಮಾನದಲ್ಲಿ ಸೀಟು ಸಿಗುವ ತನಕ ಗೆಳೆಯರೊಬ್ಬರ ರೂಮಿನಲ್ಲಿ ನೆಲದ ಮೇಲೆ ಮಲಗಿದರು. ಬಂದು ಎಂಟು ತಿಂಗಳು ಊರಲ್ಲಿ ಕೂತರು. ಆ ಎಂಟು ತಿಂಗಳು ನನ್ನೊಬ್ಬಳ ಸಂಬಳದಲ್ಲಿ ಮನೆ ನಡೆಯಿತು. 2021ರಲ್ಲಿ ಬೇರೆ ಕಂಪನಿ ಸಿಕ್ಕಿ ಪುನಃ ಹೋದರು.

ಆಗಲೇ ನನಗೆ ಹೊಳೆದದ್ದು ಇದು. ಕೆಲಸ, ಮಲಗುವ ಜಾಗ, ದೇಶದಲ್ಲಿ ಇರುವ ಹಕ್ಕು, ಈ ಮೂರನ್ನೂ ಒಂದೇ ದಾರಕ್ಕೆ ಕಟ್ಟಿದರೆ ದಾರ ಕಡಿದಾಗ ಮೂರೂ ಬೀಳುತ್ತವೆ. ನನ್ನ ಬದುಕಿನಲ್ಲಿ ಹಾಗಿರಲಿಲ್ಲ. 2017ರವರೆಗೆ ನಾನು ಉಡುಪಿಯಲ್ಲಿ ಕೆಲಸ ಮಾಡುತ್ತಿದ್ದೆ. ಅಲ್ಲಿ ಸರಿ ಬರಲಿಲ್ಲ, ಬಿಟ್ಟು ಮಂಗಳೂರಿನ ಆಸ್ಪತ್ರೆಗೆ ಸೇರಿದೆ. ಮನೆ ಅದೇ. ಬಸ್ ಸ್ಟ್ಯಾಂಡ್ ಅದೇ. ಮೊದಲು ಹೆದ್ದಾರಿಯ ಒಂದು ಬದಿಯಲ್ಲಿ ಎಕ್ಸ್‌ಪ್ರೆಸ್ ಬಸ್ಸಿಗೆ ಕಾಯುತ್ತಿದ್ದೆ, ಆಮೇಲೆ ಆಚೆ ಬದಿಯಲ್ಲಿ ನಿಂತೆ, ಅಷ್ಟೇ ವ್ಯತ್ಯಾಸ. ಮಣಿಪಾಲ, ಉಡುಪಿ, ಮುಕ್ಕ, ಸುರತ್ಕಲ್, ಮಂಗಳೂರು, ಹೀಗೆ ಒಂದೇ ಬಸ್ಸಿನ ದಾರಿಯಲ್ಲಿ ಎಷ್ಟೊಂದು ಆಸ್ಪತ್ರೆ. ನೆಲೆ ಅಂದರೆ ಇದೇ ಎಂದು ನನಗೆ ಅನಿಸುತ್ತದೆ. ಒಂದು ಕೆಲಸ ಹೋದರೆ ಎರಡನೆಯದು ಬಸ್ಸಿನ ದೂರದಲ್ಲಿ ಇರಬೇಕು.

ಆ ಮೇಲೆ ಯಾರು ಯಾವ ದೇಶದ ಹೆಸರು ಹೇಳಿದರೂ ನಾನು ಇದೊಂದನ್ನೇ ಕೇಳಿದೆ. ಅಲ್ಲಿ ಎರಡನೆಯ ಕೆಲಸ ಎಲ್ಲಿದೆ?

ಮೊದಲ ಆಯ್ಕೆ ನಾನೇ ದುಬೈ ಅಥವಾ ಶಾರ್ಜಾಕ್ಕೆ ಹೋಗುವುದು. ಡೇಟಾಫ್ಲೋ ಮೂಲಕ ಸರ್ಟಿಫಿಕೇಟ್ ಪರಿಶೀಲನೆ, ನರ್ಸ್ ಲೈಸೆನ್ಸಿನ ಪರೀಕ್ಷೆ, ಕೆಲಸದ ಅನುಭವ. ನನ್ನ ಹತ್ತಿರ ಎಲ್ಲ ಉಂಟು. ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಬಿಟ್ಟು ಬರುವಾಗ ಮೊದಲ ಐದು ವರ್ಷದ ಮಟ್ಟಿಗೆ ವರ್ಷಕ್ಕೆ 21 ದಿನದ ಮೂಲ ಸಂಬಳದ ಲೆಕ್ಕದಲ್ಲಿ ಗ್ರಾಚ್ಯುಟಿ. ಅಮ್ಮನಿಗೆ ಹುಷಾರಿಲ್ಲ ಎಂದರೆ ವಿಮಾನ ಹೊರಟ ನಾಲ್ಕು ಗಂಟೆಯೊಳಗೆ ಬಜ್ಪೆಯಲ್ಲಿ ಇಳಿಯಬಹುದು. ಐದು ವರ್ಷದಲ್ಲಿ ಸಾಲ ತೀರಿಸಬೇಕು, ಮನೆ ಕಟ್ಟಬೇಕು ಎಂದು ಹೊರಡುವ ಹುಡುಗಿಯರಿಗೆ ನಾನು ಈಗಲೂ ಇದನ್ನೇ ಹೇಳುತ್ತೇನೆ, ಗಲ್ಫ್‌ಗೇ ಹೋಗಿ, ವಾಪಸ್ ಬರುವ ವರ್ಷ ಮೊದಲೇ ಬರೆದಿಟ್ಟುಕೊಳ್ಳಿ. ಆದರೆ ನಮಗೆ ಬೇಕಾದದ್ದು ಮೂವರೂ ಒಂದೇ ಮನೆಯಲ್ಲಿ ಇರುವುದು, ಮಗ ಒಂದು ಊರನ್ನು ತನ್ನದು ಎಂದುಕೊಳ್ಳುವುದು. ಅದಕ್ಕೆ ಆ ದಾರಿ ಆಗುವುದಿಲ್ಲ.

ಕೆನಡಾಕ್ಕೆ ಸ್ಟೂಡೆಂಟ್ ವೀಸಾದಲ್ಲಿ ಹೋದ ಚಿಕ್ಕಮ್ಮನ ಮಗ ಅಲ್ಲಿ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಾನೆ. ಅಲ್ಲಿ ಕಾಯಂ ವಾಸಕ್ಕೆ ಪಾಯಿಂಟ್ ಲೆಕ್ಕದಲ್ಲಿ ಜನರನ್ನು ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿ ಇದೆ, ಅವನು ಹೋಗುವಾಗ ಅದರಲ್ಲಿ ಜಾಬ್ ಆಫರ್‌ಗೂ ಪಾಯಿಂಟ್ ಇತ್ತು. 2025ರ ಮಾರ್ಚ್‌ನಲ್ಲಿ ಅದನ್ನು ತೆಗೆದುಬಿಟ್ಟರು. ವಯಸ್ಸು 30 ಆದಮೇಲೆ ಪ್ರತಿ ವರ್ಷ ಪಾಯಿಂಟ್ ಕಡಿಮೆಯಾಗುತ್ತಾ ಹೋಗುತ್ತದೆ, ಆದ್ದರಿಂದ ಅವನಿಗೆ ಈಗ ಹುಟ್ಟುಹಬ್ಬ ಅಂದರೆ ಹೆದರಿಕೆ. ಬ್ರಿಟನ್‌ನಲ್ಲಿ ನನ್ನ ಕ್ಲಾಸ್‌ಮೇಟ್ ಇದ್ದಾಳೆ. ಕೆಲಸ ಚೆನ್ನಾಗಿದೆ, ಗೌರವ ಇದೆ. ಆದರೆ ವೀಸಾ ಕೊಡಿಸಿದ ಆಸ್ಪತ್ರೆ ಬಿಟ್ಟರೆ ಸಾಮಾನ್ಯವಾಗಿ 60 ದಿನದೊಳಗೆ ಇನ್ನೊಂದು ಸ್ಪಾನ್ಸರ್ ಹುಡುಕಬೇಕು. ಐದು ವರ್ಷಕ್ಕೆ ಕಾಯಂ ವಾಸದ ಹಕ್ಕು ಸಿಗುತ್ತದೆ ಎಂದು ನಂಬಿ ಹೋದವಳು, 2025ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ ಅದನ್ನು ಹತ್ತು ವರ್ಷ ಮಾಡುವ ಪ್ರಸ್ತಾಪ ಮುಂದಿಟ್ಟಿತು. ಆ ದಿನ ಫೋನಿನಲ್ಲಿ ಅತ್ತಳು.

ಏಜೆಂಟರ ಬಗ್ಗೆ ಒಂದು ಮಾತು. ಒಬ್ಬರು ಬ್ರಿಟನ್‌ಗೆ ಕಳಿಸಲು ನಾಲ್ಕು ಲಕ್ಷ ಕೇಳಿದರು. ನಾನು 40 ಸಾವಿರ ಮುಂಗಡ ಕೊಟ್ಟೂ ಆಗಿತ್ತು, ಅದು ವಾಪಸ್ ಬರಲಿಲ್ಲ. ಅಲ್ಲಿನ ಸರ್ಕಾರಿ ಆಸ್ಪತ್ರೆಗಳು ಪಾಲಿಸಬೇಕಾದ ನಿಯಮದ ಪ್ರಕಾರ ಕೆಲಸ ಕೊಡಿಸಲು ನರ್ಸ್ ಹತ್ತಿರ ದುಡ್ಡು ತೆಗೆದುಕೊಳ್ಳುವ ಹಾಗೇ ಇಲ್ಲ. ಇದು ನನಗೆ ಮೊದಲೇ ಗೊತ್ತಿರಬೇಕಿತ್ತು. ನಿಮಗೆ ಗೊತ್ತಿರಲಿ.

ಇನ್ನು ಜರ್ಮನಿ. ಕೇರಳದ ನರ್ಸ್‌ಗಳು ಅಲ್ಲಿಗೆ ಹೋಗಲು ಶುರು ಮಾಡಿದ್ದು 1960ರ ದಶಕದಲ್ಲೇ, ಹೆಚ್ಚಿನವರು ಚರ್ಚಿನ ಮೂಲಕ. ಈಗಲೂ ಅವರಿಗೆ ನೋರ್ಕಾ ಇದೆ, ಹೊರಗೆ ಹೋಗುವ ಮಲಯಾಳಿಗಳಿಗಾಗಿ ಕೇರಳ ಸರ್ಕಾರ ನಡೆಸುವ ಸಂಸ್ಥೆ. 2021ರಲ್ಲಿ ಜರ್ಮನಿ ಜೊತೆ ಒಪ್ಪಂದ ಆದಮೇಲೆ 'ಟ್ರಿಪಲ್ ವಿನ್' ಯೋಜನೆಯಲ್ಲಿ ಭಾಷೆಯನ್ನೂ ಉಚಿತವಾಗಿ ಕಲಿಸುತ್ತಾರೆ. ನಾನು ಭಾಷೆ ಕಲಿತದ್ದು ಹೆಚ್ಚಾಗಿ ಬಸ್ಸಿನಲ್ಲಿ. ಬೆಳಿಗ್ಗೆ ಹೆಜಮಾಡಿ ದಾಟುವಾಗ ಕಿವಿಗೆ ಇಯರ್‌ಫೋನ್, ಕೂಳೂರು ಸೇತುವೆ ಬರುವ ತನಕ ಪಾಠ. ಭಾಷೆಯ ಮಟ್ಟವನ್ನು ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲಲ್ಲಿ ಅಳೆಯುತ್ತಾರೆ, ಬಿ2 ನಾಲ್ಕನೆಯದು. ಬಿ2 ಪರೀಕ್ಷೆಯಲ್ಲಿ ಓದು, ಕೇಳು, ಬರೆ, ಮಾತಾಡು ಎಂದು ನಾಲ್ಕು ಭಾಗ, ಪ್ರತಿಯೊಂದಕ್ಕೂ ನೂರಕ್ಕೆ 60 ಬೇಕು. ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಬರೆದೆ. ಕೇಳುವ ಭಾಗದಲ್ಲಿ 53 ಬಂತು. ಆ ಒಂದು ಭಾಗವನ್ನು ಮಾತ್ರ ಪುನಃ ಬರೆಯಬಹುದು, ಬರೆದೆ, ಪಾಸಾಯಿತು.

ಜರ್ಮನಿಯಲ್ಲಿ ಎರಡನೆಯ ಕೆಲಸ ಎಲ್ಲಿದೆ ಎಂದು ಹುಡುಕಿದಾಗ ಸಿಕ್ಕಿದ ಉತ್ತರ ನನಗೆ ಸಮಾಧಾನ ಕೊಟ್ಟಿತು. ನಮ್ಮ ಓದಿಗೆ ಅಲ್ಲಿನ ಮಾನ್ಯತೆ ಸಿಗಬೇಕು, ಅದನ್ನು ಎಲ್ಲರೂ ಅನೆರ್ಕೆನುಂಗ್ ಎಂದೇ ಹೇಳುತ್ತಾರೆ. ಮೊದಲು ನಮ್ಮ ಓದಿನಲ್ಲಿ ಏನೇನು ಕಡಿಮೆ ಇದೆ ಎಂದು ಒಂದು ಪತ್ರ ಕಳಿಸುತ್ತಾರೆ. ಅಲ್ಲಿಗೆ ಹೋದಮೇಲೆ ಪರೀಕ್ಷೆಯನ್ನೋ ತರಬೇತಿಯನ್ನೋ ಮುಗಿಸುವ ತನಕ ನಾವು ಪೂರ್ತಿ ನರ್ಸ್ ಅಲ್ಲ, ಸಂಬಳವೂ ಕಡಿಮೆ. ಮುಗಿದ ಮೇಲೆ ಸಿಗುವ ಪ್ರಮಾಣಪತ್ರ ಇಡೀ ಜರ್ಮನಿಗೆ ನಡೆಯುತ್ತದೆ. ಮೂರು ವರ್ಷ ಕೆಲಸ ಮಾಡಿ, 36 ತಿಂಗಳು ಪಿಂಚಣಿ ಕಂತು ಕಟ್ಟಿ, ಬಿ1 ಭಾಷೆ ಇದ್ದರೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಗಂಡ ನನ್ನ ಜೊತೆ ಬಂದರೆ ಅವರಿಗೂ ಯಾವ ಕೆಲಸ ಬೇಕಾದರೂ ಮಾಡುವ ಹಕ್ಕಿದೆ. ಸಂಬಳದಲ್ಲಿ ಸುಮಾರು ಮೂರನೇ ಒಂದು ಭಾಗ ಕಡಿತ ಹೋಗುತ್ತದೆ ಎಂದು ಕೇಳಿ ಇವರಿಗೆ ಗಾಬರಿಯಾಯಿತು, ಶಾರ್ಜಾದಲ್ಲಿ ಹತ್ತು ವರ್ಷ ಇದ್ದವರಲ್ವಾ. ಆದರೆ ಆ ಕಡಿತದಲ್ಲಿ ನಿರುದ್ಯೋಗ ವಿಮೆಯೂ ಇದೆ. ಹನ್ನೆರಡು ತಿಂಗಳು ಕಂತು ಕಟ್ಟಿದವರಿಗೆ ಕೆಲಸ ಹೋದರೆ ಆರು ತಿಂಗಳು ಭತ್ಯೆ ಬರುತ್ತದೆ, ಮಗು ಇದ್ದರೆ ಕೈಗೆ ಬರುತ್ತಿದ್ದ ಸಂಬಳದ 67 ಪರ್ಸೆಂಟ್. 2020ರ ಆ ಎಂಟು ತಿಂಗಳನ್ನು ನೆನೆದುಕೊಂಡು ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕೆಲಸ ಹೇಗಿರುತ್ತದೆ ಎಂದು ಯಾರೂ ಸರಿಯಾಗಿ ಹೇಳುವುದಿಲ್ಲ. ಬೋಖುಮ್‌ನಲ್ಲಿರುವ ನನ್ನ ಸೀನಿಯರ್ ಒಬ್ಬರು ಹೇಳಿದರು. ಅಲ್ಲಿ ಪೇಷಂಟ್ ಹತ್ತಿರ ಮನೆಯವರು ಕೂರುವುದಿಲ್ಲ, ಆಯಾ ಇಲ್ಲ. ಮೈ ಒರೆಸುವುದು, ಊಟ ಮಾಡಿಸುವುದು, ಡೈಪರ್ ಬದಲಿಸುವುದು ಎಲ್ಲ ನರ್ಸ್ ಕೆಲಸ. ನಾವು ಇಲ್ಲಿ ದಿನಕ್ಕೆ ಇಪ್ಪತ್ತು ಮಾಡುವ ಕ್ಯಾನುಲಾ ಹಾಕುವುದು, ರಕ್ತ ತೆಗೆಯುವುದು ಅಲ್ಲಿ ಹೆಚ್ಚಿನ ಕಡೆ ಡಾಕ್ಟರ್ ಮಾಡುತ್ತಾರೆ. ಕಲಿತದ್ದು ಕೈಬಿಟ್ಟು ಹೋಗುತ್ತದೆ ಎಂದು ಹಲವರು ಬೇಸರಪಡುತ್ತಾರಂತೆ. ನನ್ನಿಂದ ಆಗುತ್ತದಾ ಎಂದು ನೋಡಲೇಬೇಕಿತ್ತು. ಒಂದು ಬೆಳಿಗ್ಗೆ ವಾರ್ಡಿನ ಆಯಮ್ಮನ ಹತ್ತಿರ, ಇವತ್ತು ನಾನೇ ಮಾಡುತ್ತೇನೆ ಎಂದೆ. ಎಂಬತ್ತು ದಾಟಿದ ಅಜ್ಜಿ, ಸೊಂಟದ ಮೂಳೆ ಮುರಿದಿತ್ತು. ಬಿಸಿನೀರಿನ ಬೇಸಿನ್, ಎರಡು ಟವಲ್. ಮುಖ ಒರೆಸಿದೆ, ಕುತ್ತಿಗೆ, ಕೈ, ಬೆರಳ ಸಂದು. ಒಂದು ಕಡೆ ಒರೆಸುವಾಗ ಉಳಿದ ಮೈ ಮುಚ್ಚಿರಬೇಕು. ಮಗ್ಗುಲು ತಿರುಗಿಸುವಾಗ ಅವರ ಬೆನ್ನಿನ ಚರ್ಮ ಅಕ್ಕಿ ರೊಟ್ಟಿಗಿಂತ ತೆಳ್ಳಗಿತ್ತು. ನಲವತ್ತು ನಿಮಿಷ ಹಿಡಿಯಿತು. ಕೊನೆಗೆ ಅಜ್ಜಿ ನನ್ನ ಬೆರಳು ಹಿಡಿದು, "ನಿನ್ನ ಕೈ ತಣ್ಣಗೆ ಉಂಟು ಮಗಾ, ಮೊದಲು ಬಿಸಿ ಮಾಡಿಕೊ" ಎಂದರು. ಏಳು ವರ್ಷ ಆ ವಾರ್ಡಿನಲ್ಲಿದ್ದೆ, ಯಾವ ಪೇಷಂಟೂ ನನಗೆ ಹಾಗೆ ಹೇಳಿರಲಿಲ್ಲ. ಅವರಿಗೆ ಅಷ್ಟು ಹತ್ತಿರ ನಾನು ಹೋಗಿರಲೇ ಇಲ್ಲ. ಈ ಕೆಲಸ ನನಗೆ ಆಗುತ್ತದೆ ಎಂದು ಆ ದಿನ ತೀರ್ಮಾನ ಮಾಡಿದೆ.

ಇನ್ನು ಮಗ. ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ಪ್ರಾಥಮಿಕ ಶಾಲೆ ನಾಲ್ಕೇ ವರ್ಷ. ಹತ್ತು ವರ್ಷದ ಹೊತ್ತಿಗೆ ಮಗು ಮುಂದೆ ಯಾವ ಬಗೆಯ ಶಾಲೆಗೆ ಹೋಗಬೇಕು ಎಂದು ನಿರ್ಧಾರ ಆಗುತ್ತದೆ. ಆರರಲ್ಲಿ ಹೋದರೆ ಭಾಷೆ ಕಲಿಯಲು ನಾಲ್ಕು ವರ್ಷ ಸಿಗುತ್ತದೆ, ಒಂಬತ್ತರಲ್ಲಿ ಹೋದರೆ ಒಂದು. ನನ್ನ ವಯಸ್ಸಿಗಿಂತ ಅವನ ವಯಸ್ಸೇ ನಮ್ಮನ್ನು ಅವಸರ ಮಾಡಿಸಿತು.

ದೇಶ ಆಯಿತು, ಊರು ಯಾವುದು? ಇದರ ಬಗ್ಗೆ ಜನ ಯೋಚನೆಯನ್ನೇ ಮಾಡುವುದಿಲ್ಲ, ಸಿಕ್ಕಿದ ಆಫರ್‌ಗೆ ಸಹಿ ಹಾಕಿಬಿಡುತ್ತಾರೆ. ನನಗೆ ಎರಡು ಆಫರ್ ಬಂತು. ಒಂದು ದಕ್ಷಿಣದ ಬವೇರಿಯಾದ ಬೆಟ್ಟದ ಊರಿನ ಸಣ್ಣ ಆಸ್ಪತ್ರೆ. ಫೋಟೋದಲ್ಲಿ ನೋಡಿದರೆ ಸ್ವರ್ಗ. ಉಳಿಯಲು ಕ್ವಾರ್ಟರ್ಸ್, ಸಂಬಳವೂ ಸ್ವಲ್ಪ ಜಾಸ್ತಿ. ಆದರೆ ಆ ಊರಿಗೆ ಅದೊಂದೇ ಆಸ್ಪತ್ರೆ. ಮೂರು ವರ್ಷದೊಳಗೆ ಬಿಟ್ಟರೆ ಭಾಷೆ ಕಲಿಸಿದ ಖರ್ಚು, ಟಿಕೆಟ್ ಖರ್ಚು ವಾಪಸ್ ಕೊಡಬೇಕು ಎಂದು ಒಪ್ಪಂದದಲ್ಲಿ ಇತ್ತು, ಭಾಷೆ ನಾನೇ ದುಡ್ಡು ಕೊಟ್ಟು ಕಲಿತಿದ್ದರೂ. ಕೆಲಸ, ರೂಮು, ಬಾಂಡ್. ಪುನಃ ಅದೇ ಒಂದು ದಾರ.

ಇನ್ನೊಂದು ರೂರ್ ಪ್ರದೇಶದಲ್ಲಿ, ಎಸ್ಸೆನ್‌ನಲ್ಲಿ. ಹಿಂದೆ ಕಲ್ಲಿದ್ದಲು ಗಣಿಗಳಿದ್ದ ಜಾಗ ಅದು. ಕೊನೆಯ ಗಣಿ ಪಕ್ಕದ ಬೋಟ್ರೊಪ್‌ನಲ್ಲಿ 2018ರ ಡಿಸೆಂಬರ್‌ನಲ್ಲಿ ಮುಚ್ಚಿತು. ಅಲ್ಲಿ ಒಂದು ಊರು ಮುಗಿದದ್ದು ಗೊತ್ತಾಗುವ ಮೊದಲೇ ಇನ್ನೊಂದು ಊರು ಶುರುವಾಗುತ್ತದೆ ಎನ್ನುತ್ತಾರೆ ನನ್ನ ಸೀನಿಯರ್. ಎಸ್ಸೆನ್, ಬೋಖುಮ್, ಡೋರ್ಟ್ಮುಂಡ್, ಒಂದೊಂದರಲ್ಲೂ ಹಲವು ಆಸ್ಪತ್ರೆ, ನಡುವೆ ರೈಲು. ಮ್ಯೂನಿಕ್‌ಗೆ ಹೋಲಿಸಿದರೆ ಬಾಡಿಗೆ ಬಹಳ ಕಡಿಮೆ. 1961ರಲ್ಲಿ ಟರ್ಕಿ ಜೊತೆ ಒಪ್ಪಂದ ಮಾಡಿ ಜರ್ಮನಿ ಅಲ್ಲಿಂದ ಕೆಲಸಗಾರರನ್ನು ಕರೆಸಿತು. ಅವರನ್ನು ಅತಿಥಿ ಕೆಲಸಗಾರರು ಎಂದೇ ಕರೆಯುತ್ತಿದ್ದರು. ಬಂದವರೂ ಕರೆದವರೂ ಇದು ಹೋಗಿ ಬರುವ ವಿಷಯ ಎಂದೇ ಅಂದುಕೊಂಡಿದ್ದರು. ಅವರಲ್ಲಿ ಎಷ್ಟೋ ಜನ ಉಳಿದರು, ಈಗ ಮೊಮ್ಮಕ್ಕಳ ಕಾಲ. ಹೊರಗಿನಿಂದ ಬಂದ ಹೆಸರು ಅಲ್ಲಿನ ಶಾಲೆಯ ಹಾಜರಿ ಪುಸ್ತಕಕ್ಕೆ ಹೊಸದಲ್ಲ. ನನ್ನ ಮಗನಿಗೆ ಇದು ಸಣ್ಣ ವಿಷಯ ಅಲ್ಲ.

ನನ್ನ ಗಂಡನ ಕೆಲಸಕ್ಕೂ ಅಲ್ಲಿ ದಾರಿ ಇದೆ. ಮನೆ ಬಿಸಿ ಮಾಡಲು ಜರ್ಮನಿಯಲ್ಲಿ ಈಗ ಹೀಟ್ ಪಂಪ್ ಹಾಕಿಸುತ್ತಿದ್ದಾರೆ, ಕೆಲಸ ಗೊತ್ತಿರುವವರು ಸಾಲುತ್ತಿಲ್ಲ. ವಿಡಿಯೋ ಕಾಲಿನಲ್ಲಿ ಇವರು ಖುಷಿಯಿಂದ ವಿವರಿಸಿದರು. ಅದೇ ಕಂಪ್ರೆಸರ್, ಅದೇ ಗ್ಯಾಸ್, ಎಸಿ ಒಳಗಿನ ಬಿಸಿಯನ್ನು ಹೊರಗೆ ಹಾಕುತ್ತದೆ, ಇದು ಹೊರಗಿನ ಬಿಸಿಯನ್ನು ಒಳಗೆ ತರುತ್ತದೆ. ಎಷ್ಟೋ ವರ್ಷದ ಮೇಲೆ ಅವರು ತಮ್ಮ ಕೆಲಸದ ಬಗ್ಗೆ ಹಾಗೆ ಮಾತಾಡಿದ್ದು. ಈಗ ಅವರೂ ಎ1 ಓದುತ್ತಿದ್ದಾರೆ.

ಎಸ್ಸೆನ್‌ಗೆ ಸಹಿ ಹಾಕಿದೆ.

ಅಮ್ಮನಿಗೆ ಉತ್ತರ ಹೇಳುವುದು ಬಾಕಿ ಇತ್ತು. ಒಂದು ಸಂಜೆ ಅಂಗಳದಲ್ಲಿ ಅಮ್ಮ ಮಲ್ಲಿಗೆ ಕಟ್ಟುತ್ತಿದ್ದರು, ಪಕ್ಕದಲ್ಲಿ ಕೂತು ಹೇಳಿದೆ. "ಅಮ್ಮ, ಇದು ಹೋಗುವುದು." ಬಾಳೆನಾರು ಸುತ್ತುತ್ತಿದ್ದ ಕೈ ಸ್ವಲ್ಪ ಹೊತ್ತು ನಿಂತಿತು. ಅಲ್ಲಿಂದ ಊರಿಗೆ ಬರಲು ಎಷ್ಟು ಹೊತ್ತು ಬೇಕು ಎಂದು ಕೇಳಿದರು. ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರು, ಅಲ್ಲಿಂದ ಮಂಗಳೂರು, ಮನೆಯಿಂದ ಮನೆಗೆ ಹೆಚ್ಚುಕಡಿಮೆ ಒಂದು ದಿನ ಎಂದೆ. ಒಂದು ದಿನ ಅಂದರೆ ಕೆಲವು ಸುದ್ದಿಗೆ ತಡವಾಗುವಷ್ಟು ದೂರ. ಅದು ಅಮ್ಮನಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಅಕ್ಕ ಕಾಪುವಿನಲ್ಲಿದ್ದಾಳೆ, ಅವಳ ಜೊತೆ ಕೂತು ಯಾರು ಏನು ನೋಡಿಕೊಳ್ಳಬೇಕು, ದುಡ್ಡು ಯಾವುದರಿಂದ ಬರಬೇಕು ಎಂದೆಲ್ಲ ಮಾತಾಡಿದ್ದೇವೆ. ಅದರಿಂದ ದೂರ ಕಡಿಮೆಯಾಗುವುದಿಲ್ಲ. ಈ ನಿರ್ಧಾರದಲ್ಲಿ ನನಗೆ ಇನ್ನೂ ನೋಯುವ ಜಾಗ ಇದೊಂದೇ.

ಅಪ್ಪ ಮೊಬೈಲಿನಲ್ಲಿ ಮ್ಯಾಪ್ ದೊಡ್ಡದು ಮಾಡಿ ನೋಡಿದರು. ಎಸ್ಸೆನ್‌ನಿಂದ ಡೋರ್ಟ್ಮುಂಡ್‌ವರೆಗೆ ಬೆರಳು ಎಳೆದು, ರೈಲಿನಲ್ಲಿ ಎಷ್ಟು ಹೊತ್ತು ಎಂದರು. ಅರ್ಧ ಗಂಟೆ ಸಾಕು ಎಂದೆ. "ಹಾಗಾದರೆ ಇಲ್ಲಿಂದ ಸುರತ್ಕಲ್‌ಗೆ ಹೋದ ಹಾಗೆ," ಎಂದು ಮೊಬೈಲ್ ವಾಪಸ್ ಕೊಟ್ಟರು. ಮಾರನೆಯ ದಿನ ಪೇಟೆಗೆ ಹೋಗಿ ನನ್ನ ಸರ್ಟಿಫಿಕೇಟ್, ಗಂಡನ ಸರ್ಟಿಫಿಕೇಟ್, ಮೂವರ ಪಾಸ್‌ಪೋರ್ಟ್ ಎಲ್ಲದರ ಜೆರಾಕ್ಸ್ ಎರಡೆರಡು ಸೆಟ್ ಮಾಡಿಸಿ ತಂದರು. ಒಂದು ಸೆಟ್ ಪ್ಲಾಸ್ಟಿಕ್ ಕವರಿಗೆ ಹಾಕಿ ಕಪಾಟಿನಲ್ಲಿ ಅಮ್ಮನ ಸೀರೆಗಳ ಕೆಳಗೆ ಇಟ್ಟರು. ಇನ್ನೊಂದನ್ನು ನನ್ನ ಕೈಗೆ ಕೊಟ್ಟು ಹೇಳಿದರು. "ಅಲ್ಲಿ ಯಾರು ಎಷ್ಟು ಒಳ್ಳೆಯವರಾದರೂ ಪಾಸ್‌ಪೋರ್ಟ್ ಮಾತ್ರ ಯಾರ ಕಪಾಟಿನಲ್ಲೂ ಇಡಬೇಡ ಮಗಾ."